ಹದಿನೇಳು ಕುಂಡ, ಒಂದೇ ಲಿಲ್ಲಿ

ನಮ್ಮ ಕಾಲೇಜಿನ ಗಾಜಿನಮನೆಗೆ ಮೊದಲ ಸಲ ಕಾಲಿಟ್ಟಾಗ ನನಗೆ ಸಿಕ್ಕಿದ್ದು ಗಿಡ ಅಲ್ಲ, ಬೈಗುಳ.

"ಬಾಗಿಲು! ಬಾಗಿಲು ಹಾಕು ಮೊದ್ಲು! ಒಂದು ಡಿಗ್ರಿ ಹೊರಗೆ ಹೋಯ್ತು!"

ಯಾರಪ್ಪಾ ಇದು ಅಂತ ನೋಡಿದರೆ ಬೆಂಚಿನ ಆ ಕಡೆ ನೀಲಿ ಕೋಟಿನ ಒಬ್ಬ ತೆಳ್ಳನೆಯ ಹೆಂಗಸು. ಕೋಟಿನ ಜೇಬಿಗೆ ದಾರದಲ್ಲಿ ಕಟ್ಟಿದ ಗಿಡ್ಡ ಪೆನ್ಸಿಲ್, ಕಂಕುಳಲ್ಲಿ ಉದ್ದನೆಯ ರಿಜಿಸ್ಟರ್, ಮೂಗಿನ ತುದಿಯಲ್ಲಿ ಕನ್ನಡಕ. ಆ ಕನ್ನಡಕದ ಗಾಜು ಪೂರ್ತಿ ಮಂಜು ಮುಸುಕಿತ್ತು. ಆಗ ತಾನೇ ಶೀತಕೋಣೆಯಿಂದ ಹೊರಗೆ ಬಂದಿದ್ದರು. ಒಳಗೆ ನಾಲ್ಕು ಡಿಗ್ರಿ, ಹೊರಗೆ ಗಾಜಿನಮನೆಯ ಸೆಕೆ, ಹಾಗಾಗಿ ದಿನಕ್ಕೆ ಮೂರು ಸಲ ಅವರು ಕುರುಡಾಗುತ್ತಿದ್ದರು. ಕೋಟಿನ ಅಂಚಿನಲ್ಲಿ ಗಾಜು ಒರೆಸಿಕೊಂಡು ನನ್ನನ್ನು ನೋಡಿ, "ಓ, ಹುಡುಗೀನಾ. ನಾನು ನಾಯಿ ಬಂತು ಅಂದ್ಕೊಂಡೆ. ನಾಯಿಗಾದ್ರೆ ಬಾಗಿಲು ಹಾಕೋಕೆ ಬರಲ್ಲ," ಅಂದರು.

ಅವರೇ ಥರ್ಮಾಮೀಟರ್ ಅಕ್ಕ. ಈ ಹೆಸರು ಯಾವ ಬ್ಯಾಚಿನವರು ಇಟ್ಟರೋ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ ಗಾಜಿನಮನೆ, ಕತ್ತಲ ಕಪಾಟು, ಶೀತಕೋಣೆ ಮೂರರ ಉಷ್ಣತೆಯನ್ನೂ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ನೀರು ಹಾಕುವುದು, ಕುಂಡ ತೊಳೆಯುವುದು ಎಲ್ಲ ಇತ್ತು, ಆದರೆ ಅವರಿಗೆ ಅದೆಲ್ಲ ಸೈಡ್ ಬಿಸಿನೆಸ್. ನಮ್ಮ ಕ್ಲಾಸಿನ ಹುಡುಗಿಯರು ಬೇಕೆಂದೇ ಹೋಗಿ "ಅಕ್ಕ, ನನಗೆ ಜ್ವರ ಇದೆಯಾ ನೋಡಿ" ಅನ್ನುತ್ತಿದ್ದರು. ಅವರು ಹಣೆ ಮುಟ್ಟಿ ನೋಡಿ, ಗಂಭೀರವಾಗಿ, "ಜ್ವರ ಅಲ್ಲ. ನಾಳೆ ಟೆಸ್ಟ್ ಇದೆ, ನೀನು ಓದಿಲ್ಲ. ಹೋಗು" ಅನ್ನುತ್ತಿದ್ದರು. ಎಲ್ಲರೂ ನಗುತ್ತಾ ಹೊರಟುಹೋಗುತ್ತಿದ್ದರು, ಅವರು ಮತ್ತೆ ಒಬ್ಬರೇ.

ನಾನು ಹೋಗಿದ್ದು ಪ್ರಾಜೆಕ್ಟಿಗೆ. ಮೊದಲ ವರ್ಷದಲ್ಲೇ ನಮ್ಮ ಮೇಡಂ ನನಗೆ ಲಿಲ್ಲಿಯ ವಿಷಯ ಕೊಟ್ಟಿದ್ದರು. ನಾನು ಎದೆಯುಬ್ಬಿಸಿ "ಬಲ್ಬ್ ಸ್ಕೇಲ್ ಪ್ರಾಪಗೇಷನ್ ಅಂಡರ್ ಡಿಫರೆಂಟ್ ಕಂಡೀಷನ್ಸ್" ಅಂದೆ.

ಅಕ್ಕ ನನ್ನನ್ನು ಕೆಳಗಿಂದ ಮೇಲೆ ನೋಡಿದರು. "ಅಂದ್ರೆ ಗೆಡ್ಡೆಯ ಎಸಳು ಬಿಡಿಸಿ, ಎಲ್ಲಿಟ್ರೆ ಮರಿ ಹಾಕುತ್ತೆ ಅಂತ ನೋಡೋದು ತಾನೇ? ಅಷ್ಟಕ್ಕೆ ಯಾಕಮ್ಮ ಅಷ್ಟೊಂದು ಗಂಟಲು?"

ಅಷ್ಟೇ, ನಿಜವಾಗಿ ಅಷ್ಟೇ! ಲಿಲ್ಲಿ ಗೆಡ್ಡೆ ನೋಡಲು ಬೆಳ್ಳುಳ್ಳಿಯ ದೊಡ್ಡಮ್ಮನ ಹಾಗೆ ಇರುತ್ತದೆ, ಎಸಳು ಎಸಳಾಗಿ. ಒಂದೊಂದು ಎಸಳನ್ನೂ ಬುಡದ ಚೂರು ಸಮೇತ ಮುರಿದು, ಬೂಷ್ಟು ಹಿಡಿಯದ ಹಾಗೆ ಪುಡಿ ಸವರಿ, ಸ್ವಲ್ಪವೇ ತೇವ ಇರುವ ಏನಾದರೊಂದರಲ್ಲಿ ಹೂತು ಜಿಪ್ ಕವರಿನಲ್ಲಿಟ್ಟರೆ, ಕೆಲವು ವಾರಕ್ಕೆ ಮುರಿದ ಜಾಗದಲ್ಲೇ ಅಕ್ಕಿಕಾಳಿನಷ್ಟು ಮರಿಗೆಡ್ಡೆ ಮೂಡುತ್ತದೆ. ಮುರಿದ ಜಾಗದಲ್ಲೇ! ಇದನ್ನು ಓದಿದ ದಿನ ನಾನು ಹಾಸ್ಟೆಲ್ಲಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿ ತಲೆ ತಿಂದಿದ್ದೆ. ನನ್ನ ಲೆಕ್ಕ ಹೀಗಿತ್ತು: ಮರಳು, ಒಣ ಪಾಚಿ, ತೆಂಗಿನ ನಾರಿನ ಪುಡಿ. ಪ್ರತಿಯೊಂದರಲ್ಲೂ ಮೂರು ಕವರ್. ಒಂದು ಗಾಜಿನಮನೆಯ ಬೆಂಚಿನ ಮೇಲೆ ಬೆಳಕಿಗೆ, ಒಂದು ಕತ್ತಲ ಕಪಾಟಿನಲ್ಲಿ ಇಪ್ಪತ್ತೆರಡು ಡಿಗ್ರಿಗೆ, ಒಂದು ಶೀತಕೋಣೆಗೆ. ಒಟ್ಟು ಒಂಬತ್ತು.

ನಾನು ಕವರುಗಳಿಗೆ ಚೀಟಿ ಅಂಟಿಸುತ್ತಿದ್ದಾಗ ಅಕ್ಕ ಎರಡು ಮೂರು ಸಲ ಹತ್ತಿರ ಬಂದು ಹೋದರು. ನಾಲ್ಕನೇ ಸಲ ಕೈಯಲ್ಲಿ ಒಂದು ಹಳೆಯ ಪೇಂಟ್ ಡಬ್ಬಿ ಇತ್ತು.

"ಇದಕ್ಕೂ ಜಾಗ ಇದೆಯಾ ನಿನ್ನ ಒಂಬತ್ತರಲ್ಲಿ?"

ಡಬ್ಬಿಯಲ್ಲಿ ಒಂದು ಲಿಲ್ಲಿ, ಅಂದರೆ ಲಿಲ್ಲಿ ಆಗಿದ್ದದ್ದು. ಕಾಂಡ ಹಳದಿಯಾಗಿ ಒಂದು ಕಡೆ ವಾಲಿತ್ತು. ಕಾಲೇಜಿಗೆ ಬೀಗ ಹಾಕಿದ್ದ ರಜೆಯಲ್ಲಿ ಮೇಲಿನ ನಲ್ಲಿ ಸೋರಿ ಸೋರಿ ಡಬ್ಬಿ ತುಂಬಿ, ಗೆಡ್ಡೆಯ ಬುಡ ಕೊಳೆಯಲು ಶುರುವಾಗಿತ್ತಂತೆ. ಕಾಲೇಜಿನದ್ದಲ್ಲ, ಅವರ ಸ್ವಂತದ್ದು. ಬೀಜದಿಂದ ಬೆಳೆಸಿದ್ದು. ಹನ್ನೆರಡು ವರ್ಷದಿಂದ ಪ್ರತಿ ಬೇಸಿಗೆಯಲ್ಲೂ ಬಿಳಿ ಕಹಳೆಯಂಥ ಹೂ ಬಿಡುತ್ತದೆ, ಒಂದು ಸಲವೂ ಕಾಯಿ ಕಟ್ಟಿಲ್ಲ.

"ನನಗೆ ರಿಟೈರ್ ಆಗೋಕೆ ಇನ್ನು ಮೂರು ವರ್ಷ ಇದೆ," ಅಂದರು. "ಅಷ್ಟರೊಳಗೆ ಇದರಲ್ಲಿ ಒಂದು ಕಾಯಿ ನೋಡ್ಬೇಕು. ಒಂದೇ ಒಂದು. ಆಮೇಲೆ ಬೇಕಾದ್ರೆ ಸಾಯ್ಲಿ."

"ಗಿಡಾನಾ ಅಕ್ಕ?"

"ಮತ್ತೆ ನಾನಾ?"

ಗೆಡ್ಡೆ ಮುರಿಯುವುದು ಅವರ ಕೈಲಿ ಆಗಲಿಲ್ಲ. ದಿನಾ ಎಷ್ಟೋ ಗಿಡ ಕತ್ತರಿಸುವ ಹೆಂಗಸು, ಬಟ್ಟಲು ಹಿಡಿದುಕೊಂಡು ಮುಖ ಆ ಕಡೆ ತಿರುಗಿಸಿ ನಿಂತರು. ನಾನು ಒಂದೊಂದೇ ಎಸಳು ಹೊರಗೆ ಬಾಗಿಸಿದೆ, ಪಟಕ್ ಅಂತ ಹಸಿ ಸದ್ದು. ಪ್ರತಿ ಪಟಕ್‌ಗೂ ಬಟ್ಟಲು ಸ್ವಲ್ಪ ಅಲುಗಾಡುತ್ತಿತ್ತು. ಕೊಳೆತದ್ದನ್ನು ಬಿಸಾಡಿ ಉಳಿದದ್ದು ಇಪ್ಪತ್ತೇಳು. ಹೊರಗಿನವು ಹೆಬ್ಬೆರಳಿನಷ್ಟು ದಪ್ಪ, ಒಳಗಿನವು ಉಗುರಿನಷ್ಟು ತೆಳು. ಒಂದೊಂದು ಕವರಿಗೆ ಮೂರು ಮೂರು ಹಾಕಿದೆವು. ಖಾಲಿ ಡಬ್ಬಿಯನ್ನು ಅವರು ತೊಳೆದು, ಒರೆಸಿ, ಇದ್ದ ಜಾಗದಲ್ಲೇ ಇಟ್ಟರು.

ಆಮೇಲೆ ಕಾಯುವ ಕೆಲಸ! ನನಗೋ ಅದೇ ಬರದ ವಿದ್ಯೆ. ದಿನ ಬಿಟ್ಟು ದಿನ ಓಡಿಹೋಗಿ ಕವರು ಎತ್ತಿ ನೋಡುವುದು, ಅಕ್ಕ "ಹೆರಿಗೆ ಮನೆ ಬಾಗಿಲು ತಟ್ಟಿದ್ರೆ ಕೂಸು ಬೇಗ ಬರುತ್ತಾ?" ಅಂತ ಗದರುವುದು. ಬೆಂಚಿನ ಮೇಲಿನ ಮರಳಿನ ಕವರು ಮೊದಲು ಹೋಯಿತು. ಹಗಲು ಬಿಸಿಲಿಗೆ ಕಾದು ಎಸಳು ಬೆಂದೇ ಹೋಗಿತ್ತು. ನಾರಿನ ಪುಡಿಯಲ್ಲಿ ತೇವ ಜಾಸ್ತಿಯಾಗಿ ಅರ್ಧ ಕೊಳೆಯಿತು. ಶೀತಕೋಣೆಯವು ಕೆಡಲೂ ಇಲ್ಲ, ಮರಿ ಹಾಕಲೂ ಇಲ್ಲ, ಇಟ್ಟ ದಿನದ ಹಾಗೇ ಬೆಳ್ಳಗೆ ಮಲಗಿದ್ದವು. ಕಪಾಟಿನ ಕತ್ತಲಲ್ಲಿದ್ದ ಕವರುಗಳಲ್ಲಿ ಮಾತ್ರ, ಅದರಲ್ಲೂ ಪಾಚಿಯದರಲ್ಲಿ, ಏಳನೇ ವಾರ, ನಾನು ಕವರಿನ ಮೇಲೆ ಮೊಬೈಲ್ ಟಾರ್ಚ್ ಬಿಟ್ಟರೆ, ಅಯ್ಯೋ! ಎಸಳಿನ ಬುಡದಲ್ಲಿ ಮುತ್ತು ಪೋಣಿಸಿದ ಹಾಗೆ ಮರಿಗಳು! ದಪ್ಪ ಎಸಳಿಗೆ ಐದು, ತೆಳು ಎಸಳಿಗೆ ಒಂದು. ನಾನು ಕುಣಿದಾಡಿದೆ. ಅಕ್ಕ ಕುಣಿಯಲಿಲ್ಲ. ಕವರನ್ನು ಕಿವಿಯ ಹತ್ತಿರ ಹಿಡಿದುಕೊಂಡು ನಿಂತರು, ಅದೇನೋ ಮಾತಾಡುತ್ತದೆ ಅನ್ನುವ ಹಾಗೆ.

ಅದೇ ವಾರ ಅವರು ಎರಡು ದಿನ ಬರಲಿಲ್ಲ. ಎಷ್ಟೋ ವರ್ಷದಲ್ಲಿ ರಜೆ ಹಾಕದವರು! ವಿಳಾಸ ಕೇಳಿಕೊಂಡು ಹೋದೆ. ಇಸ್ತ್ರಿ ಅಂಗಡಿಯ ಮೇಲೆ ಒಂದು ಕೋಣೆ, ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ನೆಲ ಬೆಚ್ಚಗೆ. ಕೆಳಗಿನ ಇಸ್ತ್ರಿ ಪೆಟ್ಟಿಗೆಗಳ ಶಾಖ. "ಹಗಲು ಇಪ್ಪತ್ತೇಳು ಇರುತ್ತೆ, ಅಂಗಡಿ ಮುಚ್ಚಿದ ಮೇಲೆ ಇಳಿಯುತ್ತೆ," ಅಂದರು ಹೊದಿಕೆಯೊಳಗಿಂದ. ಜ್ವರ ಸುಡುತ್ತಿತ್ತು. ನಾನು ಬ್ರೆಡ್ಡು, ಹಾಲು ತಂದಿದ್ದೆ. ಹಾಲು ಕಾಯಿಸುವಾಗ ಗೋಡೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಪ್ರತಿ ದಿನದ ಚೌಕದಲ್ಲೂ ಗಿಡ್ಡ ಪೆನ್ಸಿಲಿನ ಅಕ್ಷರದಲ್ಲಿ ಆ ಕೋಣೆಯ ಉಷ್ಣತೆ. ತಿಂಗಳ ಮೊದಲ ದಿನದ ಚೌಕದಲ್ಲಿ ಮಾತ್ರ ಉಷ್ಣತೆಯ ಜೊತೆ "ತಮ್ಮನ ಫೋನ್" ಅಂತ ಎರಡು ಪದ. ಹಿಂದಿನ ಹಾಳೆ ಎತ್ತಿ ನೋಡಿದೆ. ಅಲ್ಲೂ ಅಷ್ಟೇ. ಅದರ ಹಿಂದೆಯೂ ಅಷ್ಟೇ. ವರ್ಷವಿಡೀ ಅವರ ಮನೆಯಲ್ಲಿ ನಡೆದದ್ದು ಡಿಗ್ರಿ ಮತ್ತು ತಮ್ಮನ ಫೋನು, ಬೇರೇನೂ ಇಲ್ಲ.

"ಅಕ್ಕ, ರಿಜಿಸ್ಟರಿನಲ್ಲಿ ಎರಡು ದಿನ ಖಾಲಿ ಬಿದ್ದಿದೆ," ಅಂದೆ, ಸಮಾಧಾನ ಮಾಡುವ ಹಾಗೆ. "ನೀವೇನೂ ಯೋಚನೆ ಮಾಡ್ಬೇಡಿ. ಕಪಾಟು ಯಾವಾಗ್ಲೂ ಇಪ್ಪತ್ತೆರಡೇ ತಾನೇ? ನಾನೇ ಇಪ್ಪತ್ತೆರಡು ಅಂತ ತುಂಬಿಸಿಬಿಡ್ತೀನಿ."

ಅವರು ಎದ್ದು ಕೂತರು. ಆ ಜ್ವರದಲ್ಲಿ!

"ಮುಟ್ಬೇಡ."

"ಅಲ್ಲ ಅಕ್ಕ, ನಾನು..."

"ನೀನು ನೋಡಿದ್ಯಾ? ನಿನ್ನ ಕಣ್ಣಾರೆ ನೋಡಿದ್ಯಾ ಇಪ್ಪತ್ತೆರಡು ಅಂತ? ಇಲ್ವಲ್ಲ? ಖಾಲಿ ಅಂದ್ರೆ ಖಾಲಿ. ಇರ್ಲಿ ಬಿಡು. ಖಾಲಿ ಜಾಗ ಯಾರನ್ನೂ ಕೊಲ್ಲಲ್ಲ. ಯಾವಾಗ್ಲೂ ಅಷ್ಟೇ ಇರುತ್ತೆ ಅಂತ ಬರೆದ ನಂಬರ್ ಇದೆಯಲ್ಲ, ಅದು ಕೊಲ್ಲುತ್ತೆ."

ನಾನು ತಬ್ಬಿಬ್ಬು. ಒಂದು ನಂಬರಿಗೆ ಇಷ್ಟೊಂದು ಸಿಟ್ಟಾ? ಜ್ವರದ ತಾಪಕ್ಕೆ ಹೀಗೆ ಅಂದುಕೊಂಡು ಬಾಯಿ ಮುಚ್ಚಿ ಹಾಲು ಕೊಟ್ಟೆ. ಕುಡಿದರು. ಆ ದಿನದ ಚೌಕದಲ್ಲಿ ಬೇರೇನಾದರೂ ಬರೆಯುತ್ತಾರಾ ಅಂತ ಓರೆಗಣ್ಣಲ್ಲಿ ನೋಡಿದೆ. ಥರ್ಮಾಮೀಟರ್ ನೋಡಿ "೨೫" ಅಂತ ಬರೆದು ಪೆನ್ಸಿಲ್ ಇಟ್ಟರು.

ಮರಿಗೆಡ್ಡೆಗಳ ಸಮಾಚಾರಕ್ಕೆ ಬರುತ್ತೇನೆ. ಬೆಚ್ಚಗಿದ್ದರೆ ಹುಟ್ಟುತ್ತವೆ, ಸರಿ, ಆದರೆ ಬೆಚ್ಚಗೇ ಇಟ್ಟರೆ ಏಳುವುದಿಲ್ಲ! ಸ್ವಲ್ಪ ಕಾಲ ಚಳಿ ತಿನ್ನಿಸಬೇಕು. ಹಾಗಾಗಿ ಎಲ್ಲವನ್ನೂ ಆರೇಳು ವಾರ ಶೀತಕೋಣೆಯಲ್ಲಿ ಮಲಗಿಸಿದೆವು. ಹೊರಗೆ ತಂದು ಮಣ್ಣಿಗಿಟ್ಟ ಹತ್ತು ದಿನಕ್ಕೆ ಹಸಿರು ಸೂಜಿಗಳು. ಕೆಲವು ಕೊಳೆತವು, ಕೆಲವನ್ನು ಬಸವನಹುಳ ತಿಂದವು. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಉಳಿದದ್ದು ಹದಿನೇಳು. ಹದಿನೇಳು ಕುಂಡ, ಒಂದೇ ಸಾಲು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಕೊನೆಯದು ಉಗುರಿನಷ್ಟು ತೆಳುವಾಗಿದ್ದ ಒಳಗಿನ ಎಸಳಿಂದ ಹುಟ್ಟಿದ್ದು. ಎಲ್ಲದಕ್ಕಿಂತ ಕುಳ್ಳಿ. ಅಕ್ಕ ಅದನ್ನು "ಏನೇ ಲೇಟು" ಅಂತಲೇ ಮಾತಾಡಿಸುತ್ತಿದ್ದರು.

ನನ್ನ ಪ್ರಾಜೆಕ್ಟ್ ಯಾವತ್ತೋ ಮುಗಿದಿತ್ತು. ಒಳ್ಳೆಯ ಮಾರ್ಕ್ಸೂ ಬಂದಿತ್ತು. ಆದರೂ ಹೋಗುತ್ತಿದ್ದೆ. ಮಧ್ಯಾಹ್ನ ಅವರು ಕುಂಡಗಳ ಮುಂದೆ ಸ್ಟೂಲ್ ಹಾಕಿಕೊಂಡು ಡಬ್ಬಿ ಬಿಚ್ಚಿ ಊಟ ಮಾಡುವುದನ್ನು ಒಮ್ಮೆ ಹೊರಗಿನಿಂದ, ಗಾಜಿನ ಮೂಲಕ ನೋಡಿದ್ದೆ. ಏನೋ ಹೇಳುತ್ತಿದ್ದರು, ಕೈ ಆಡಿಸುತ್ತಿದ್ದರು, ನಡುವೆ ನಿಲ್ಲಿಸಿ ಉತ್ತರಕ್ಕೆ ಕಾಯುತ್ತಿದ್ದರು. ನಾನು ಬಾಗಿಲು ತೆಗೆದ ಕೂಡಲೇ ಸುಮ್ಮನಾದರು.

ಮೂರನೇ ವರ್ಷದ ಬೇಸಿಗೆ ಹೂ ಬಂತು. ಹದಿನಾರು ಕುಂಡದಲ್ಲೂ! ಗಾಜಿನಮನೆಯ ಬಾಗಿಲು ತೆಗೆದರೆ ಪರಿಮಳ ಎದೆಗೆ ಗುದ್ದುತ್ತಿತ್ತು. ಲೇಟಮ್ಮ ಮಾತ್ರ ಇನ್ನೂ ಮೊಗ್ಗನ್ನೇ ಕಟ್ಟುತ್ತಿದ್ದಳು. ಅಕ್ಕನ ರಿಟೈರ್‌ಮೆಂಟಿಗೆ ಎರಡೇ ತಿಂಗಳು ಬಾಕಿ. ನಾನು, ಮಹಾ ಬುದ್ಧಿವಂತೆ, ಕೈ ತಟ್ಟಿ ಹೇಳಿದೆ: "ಅಕ್ಕ, ಮೊದಲು ನಿಮ್ಮ ಲಿಲ್ಲಿ ಒಂಟಿ ಇತ್ತು, ಅದಕ್ಕೇ ಕಾಯಿ ಕಟ್ಟಲಿಲ್ಲ. ಲಿಲ್ಲಿಗೆ ತನ್ನದೇ ಪರಾಗ ಆಗಲ್ಲ, ಜೊತೆ ಬೇಕು. ಈಗ ನೋಡಿ, ಹದಿನಾರು ಜೊತೆ! ಒಂದರದ್ದು ಇನ್ನೊಂದಕ್ಕೆ ಮುಟ್ಟಿಸಿದ್ರೆ ಆಯ್ತು!"

ಅವರ ಮುಖ ಆಗ ಹೇಗಿತ್ತು ಅಂದರೆ... ಬೇಡ, ಅದನ್ನು ಈಗ ನೆನೆಸಿಕೊಳ್ಳಲಾರೆ.

ಸಣ್ಣ ಬ್ರಶ್ ತಂದರು. ಒಂದು ಹೂವಿನ ಕಂದು ಪರಾಗವನ್ನು ಇನ್ನೊಂದು ಹೂವಿನ ನಡುವಿನ ಅಂಟು ತುದಿಗೆ ಸವರಿ, ತೊಟ್ಟಿಗೆ ಬಣ್ಣದ ದಾರ ಕಟ್ಟಿದರು. ಮೂರನೇ ಕುಂಡದಿಂದ ಐದನೆಯದಕ್ಕೆ ಕೆಂಪು, ಐದರಿಂದ ಒಂಬತ್ತಕ್ಕೆ ನೀಲಿ. ಪ್ರತಿ ಹೂವಿಗೂ ತಾರೀಖು, ಗಂಟೆ, ಡಿಗ್ರಿ. ಒಂದು ವಾರ ಅವರ ಮೂಗಿನ ತುದಿ ಕಂದು ಬಣ್ಣ, ಗೇಟಿನ ತಾತ "ಏನಮ್ಮ, ಹೊಸ ಪೌಡರಾ?" ಅಂತ ಕಿಚಾಯಿಸಿದರೂ ಕೋಪ ಬರಲಿಲ್ಲ. "ಹೂಂ ತಾತ, ನಿಂಗೂ ಸ್ವಲ್ಪ ಹಾಕ್ಲಾ?" ಅಂದರಂತೆ.

ಮೂರು ವಾರ ಕಳೆಯಿತು. ಹೂ ಬಾಡಿತು. ಕಾಯಿಯಾಗಬೇಕಿದ್ದ ಹಸಿರು ಕಡ್ಡಿ ಹಳದಿಯಾಗಿ, ಸುಕ್ಕಾಗಿ, ಮುಟ್ಟಿದರೆ ಉದುರಿತು. ಒಂದಲ್ಲ, ಎಲ್ಲವೂ. ಬಣ್ಣದ ದಾರಗಳು ಬೆಂಚಿನ ಮೇಲೆ ಬಿದ್ದಿದ್ದವು.

ನನಗೆ ಹೊಳೆದದ್ದು ಪರೀಕ್ಷೆಗೆ ಓದುವಾಗ. ಪುಸ್ತಕ ಮುಚ್ಚಿ ಹಣೆ ಚಚ್ಚಿಕೊಂಡೆ. ಎಸಳಿಂದ ಹುಟ್ಟಿದ್ದು ಮಗು ಅಲ್ಲ! ಅದೇ ತಾಯಿ, ಅದೇ ಮೈ. ಇಪ್ಪತ್ತೇಳು ಎಸಳಿಂದ ಎಷ್ಟು ಗಿಡ ಬಂದರೂ ಅವೆಲ್ಲ ಒಂದೇ ಗಿಡ. ಮೂರರ ಪರಾಗ ಐದಕ್ಕೆ ಮುಟ್ಟಿಸಿದರೂ ತನ್ನದನ್ನು ತನಗೇ ಮುಟ್ಟಿಸಿಕೊಂಡ ಹಾಗೆ. ಇದು ನನ್ನದೇ ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪುಟದಲ್ಲಿ, ನಾನೇ ಟೈಪ್ ಮಾಡಿದ ಸಾಲಿನಲ್ಲಿತ್ತು! ಓಡಿಹೋಗಿ ಹೇಳಿದೆ.

ಅಕ್ಕ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ಅಂದ್ರೆ ಇಷ್ಟು ದಿನ ನಾನು ರೂಮಲ್ಲಿ ಹದಿನೇಳು ಕನ್ನಡಿ ಇಟ್ಕೊಂಡು ಕೂತಿದ್ದೆ ಅನ್ನು."

"ಸಾರಿ ಅಕ್ಕ. ನನ್ನ ತಪ್ಪು."

"ನಿನ್ನದಲ್ಲ ಬಿಡೇ. ಗೊತ್ತಿದ್ರೂ ಗೊತ್ತಿಲ್ಲ ಅಂತ ಇದ್ದೆ. ಇದಕ್ಕೊಂದು ಜೊತೆ ಇದೆ. ನಿಜವಾದ ಜೊತೆ. ಅವಳ ಹತ್ರ ಹೋಗ್ಬೇಕಾಗುತ್ತೆ ಅಂತ ಹದಿನೇಳು ಮಾಡ್ಕೊಂಡೆ."

ಆಗ ಹೇಳಿದರು, ಸ್ಟೂಲಿನ ಮೇಲೆ ಕೂತು, ಬಿದ್ದ ದಾರಗಳನ್ನು ಒಂದೊಂದಾಗಿ ಬೆರಳಿಗೆ ಸುತ್ತಿಕೊಳ್ಳುತ್ತಾ.

ಮೊದಲು ಗಾಜಿನಮನೆಯಲ್ಲಿ ಇಬ್ಬರಿದ್ದರು. ಇವರು ಬೆಳಿಗ್ಗೆಯಿಂದ ಎರಡರವರೆಗೆ, ಗೆಳತಿ ಎರಡರಿಂದ ಆರರವರೆಗೆ. ಎರಡು ಗಂಟೆಗೆ ಕೆಲಸ ವಹಿಸಿಕೊಡುವ ಕಾಲು ಗಂಟೆಯೇ ಇಬ್ಬರ ಮಾತು, ನಗು, ಜಗಳ, ಸಂಸಾರ ಎಲ್ಲ. ಯಾರೋ ಬಿಸಾಡಿದ್ದ ಒಂದು ಲಿಲ್ಲಿ ಕಾಯಿಯನ್ನು ಬಿತ್ತಿದರು. ಬದುಕಿದ್ದು ಎರಡು ಸಸಿ. ನಿನಗೊಂದು, ನನಗೊಂದು. ಹೂ ಬಿಟ್ಟ ವರ್ಷ ಎರಡನ್ನೂ ಕೂಡಿಸಿ ಮೊಮ್ಮಗು ನೋಡೋಣ ಅಂತ ಮಾತಾಗಿತ್ತು. ಮೊದಲ ಮೊಗ್ಗು ಕಾಣಿಸಿದ ದಿನ ಇವರು ಅದರ ಮುಂದೆಯೇ ಮೈಮರೆತು ನಿಂತರು. ಎರಡು ಗಂಟೆಯಾಯಿತು. ಶೀತಕೋಣೆಗೆ ಹೋಗಿ ನೋಡಲಿಲ್ಲ. ಯಾವಾಗಲೂ ನಾಲ್ಕೇ ಇರುತ್ತದೆ ಅಂತ ನಿಂತಲ್ಲೇ ರಿಜಿಸ್ಟರಿನಲ್ಲಿ ನಾಲ್ಕು ಅಂತ ಬರೆದರು.

ಸಂಜೆ ಆರಕ್ಕೆ ಗೆಳತಿ ಒಳಗೆ ಹೋದರೆ ಹತ್ತೊಂಬತ್ತು ಡಿಗ್ರಿ. ತಂಪು ಮಾಡುವ ಮೋಟಾರು ಬೆಳಿಗ್ಗೆ ಯಾವಾಗಲೋ ನಿಂತುಹೋಗಿತ್ತು. ಆಗಿನ ಪ್ರೊಫೆಸರರ ಮೂರು ವರ್ಷದ ಪ್ರಯೋಗದ ಗೆಡ್ಡೆಗಳೆಲ್ಲ ಹಾಳು. ವಿಚಾರಣೆಯಾಯಿತು. ರಿಜಿಸ್ಟರ್ ತೆಗೆದು ನೋಡಿದರು: ಎರಡಕ್ಕೆ ನಾಲ್ಕು ಡಿಗ್ರಿ ಅಂತ ಇದೆ, ಥರ್ಮಾಮೀಟರ್ ಅಕ್ಕನ ಕೈಬರಹ, ಅಂದಮೇಲೆ ಸುಳ್ಳಿರುವುದಿಲ್ಲ. ಮೋಟಾರು ಎರಡರ ಮೇಲೆ ನಿಂತಿದೆ ಅಂತ ತೀರ್ಮಾನಿಸಿದರು. ನಾಲ್ಕು ಗಂಟೆ ಕಾಲ ಮೋಟಾರಿನ ಸದ್ದಿಲ್ಲ ಅಂತ ನಿನಗೆ ಗೊತ್ತೇ ಆಗಲಿಲ್ಲವಾ ಅಂತ ಗೆಳತಿಯನ್ನು ಕೇಳಿದರು. ಆಕೆ ಏನೂ ಹೇಳಲಿಲ್ಲ. ಗಿಡದ ಕೆಲಸದಿಂದ ತೆಗೆದು ಊರಾಚೆಯ ಇನ್ನೊಂದು ಕ್ಯಾಂಪಸ್ಸಿನ ಸ್ಟೋರಿಗೆ ಹಾಕಿದರು, ಕಾಗದ, ಸೀಸೆ, ಪೊರಕೆ ಕಾಯುವುದಕ್ಕೆ.

"ನಾನು ಅಲ್ಲೇ ಇದ್ದೆ ಕಣೆ," ಅಂದರು ಅಕ್ಕ. "ಬಾಯಿ ಬಿಟ್ರೆ ಸಾಕಿತ್ತು. ಬಾಯಲ್ಲಿ ಹತ್ತಿ ತುರುಕಿದಂಗೆ ನಿಂತಿದ್ದೆ."

ಮರುದಿನ ಅವರು ಮಾಡಿದ ಮೊದಲ ಕೆಲಸ, ಆಫೀಸಿನ ಅಟ್ಟದಿಂದ ಹದಿನಾಲ್ಕು ವರ್ಷದ ಹಿಂದಿನ ರಿಜಿಸ್ಟರ್ ಇಳಿಸಿದ್ದು. ಆ ನಾಲ್ಕರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ನೋಡಿರಲಿಲ್ಲ" ಅಂತ ಬರೆದು, ಸಹಿ ಹಾಕಿ, ಬರೆದ ದಿನದ ತಾರೀಖು ಹಾಕಿ, ತಾವೇ ಹೋಗಿ ಮೇಡಂ ಮೇಜಿನ ಮೇಲಿಟ್ಟರು. ಮೇಡಂ ಓದಿ, ಕನ್ನಡಕ ತೆಗೆದು, "ಈಗ ಯಾಕಮ್ಮ?" ಅಂದರಂತೆ. "ಈಗ ಬರೆಯೋಕೆ ಬಂತು," ಅಂದರಂತೆ ಅಕ್ಕ.

ಆಮೇಲೆ ಬಸ್ಸು. ನಾನೂ ಹೋದೆ. "ನೀನು ಬಾ, ಇಲ್ಲಾಂದ್ರೆ ನಾನು ಸ್ಟಾಪಲ್ಲಿ ಇಳಿಯಲ್ಲ" ಅಂದಿದ್ದರು.

ಸ್ಟೋರು ಒಂದು ಉದ್ದನೆಯ, ಕಿಟಕಿ ಚಿಕ್ಕದಿರುವ ಕೋಣೆ. ಕೌಂಟರಿನ ಹಿಂದೆ ದುಂಡಗಿನ ಒಬ್ಬ ಹೆಂಗಸು, ಸೊಂಟದಲ್ಲಿ ಬೀಗದಕೈ ಗೊಂಚಲು. ಪೊರಕೆಗಳನ್ನು ಎಣಿಸುತ್ತಿದ್ದರು. ತಲೆ ಎತ್ತಿ ನೋಡಿದರು. ಎಣಿಕೆ ನಿಲ್ಲಿಸಲಿಲ್ಲ, ಮುಗಿಸಿಯೇ ಕೇಳಿದರು.

"ಏನು ಬೇಕಿತ್ತು?"

"ಆ ದಿನ ಎರಡು ಗಂಟೆಗೆ ನಾನು ಶೀತಕೋಣೆ ನೋಡಿರ್ಲಿಲ್ಲ ಕಣೆ," ಅಂದರು ಅಕ್ಕ, ಬಾಗಿಲಲ್ಲೇ ನಿಂತು, ಒಂದೇ ಉಸಿರಿಗೆ. "ನಾಲ್ಕು ಅಂತ ಸುಮ್ನೆ ಬರೆದೆ."

"ಗೊತ್ತು."

"ಗೊತ್ತಾ?"

"ನಾನು ಬಂದಾಗ ನೀನು ಮೊಗ್ಗಿನ ಮುಂದೆ ನಿಂತು ಬರೀತಿದ್ದೆ. ಕನ್ನಡಕ ತಿಳಿಯಾಗಿತ್ತು. ಶೀತಕೋಣೆಯಿಂದ ಬಂದಾಗೆಲ್ಲ ನಿನ್ನ ಕನ್ನಡಕಕ್ಕೆ ಮಂಜು ಹಿಡಿಯುತ್ತೆ, ಕೋಟಲ್ಲಿ ಒರೆಸ್ಕೋತೀಯ. ಅವತ್ತು ಒರೆಸ್ಕೊಳ್ಲಿಲ್ಲ."

ಅಕ್ಕನ ಕೈ ತಾನಾಗಿಯೇ ಕನ್ನಡಕಕ್ಕೆ ಹೋಯಿತು.

"ಮತ್ತೆ ಅವರ ಮುಂದೆ ಯಾಕೆ ಹೇಳ್ಲಿಲ್ಲ ನೀನು?"

"ನೀನು ಹೇಳ್ತೀಯ ಅಂತ ಕಾದೆ. ಆ ದಿನ ಕಾದೆ. ಆ ವರ್ಷ ಕಾದೆ. ಆಮೇಲೆ ಪೊರಕೆ ಎಣಿಸೋದು ಅಭ್ಯಾಸ ಆಯ್ತು." ಒಂದು ಪೊರಕೆಯನ್ನು ಸರಿಯಾಗಿ ನಿಲ್ಲಿಸಿದರು. "ಮೋಟಾರಿನ ಸದ್ದು ಕೇಳ್ತಿಲ್ಲ ಅಂತ ನನಗೂ ಗೊತ್ತಾಗ್ಬೇಕಿತ್ತು, ಅದೂ ನಿಜ. ನಾನೂ ಆ ಮೊಗ್ಗೇ ನೋಡ್ತಾ ಕೂತಿದ್ದೆ. ಅದಕ್ಕೆ ಇದಕ್ಕೆ ವಜಾ ಆಗಲ್ಲ, ತಿಳ್ಕೋ."

"ಆಗಲ್ಲ," ಅಂದರು ಅಕ್ಕ.

ನನಗಂತೂ ಬಾಯಿ ತುರಿಸುತ್ತಿತ್ತು, ನಾಲಿಗೆ ಕಚ್ಚಿಕೊಂಡು ನಿಂತಿದ್ದೆ. ಕೊನೆಗೆ ಅಕ್ಕನೇ ಕೇಳಿದರು, ಬಹಳ ಸಣ್ಣ ದನಿಯಲ್ಲಿ.

"ನಿನ್ನದು... ಇದೆಯಾ?"

"ಇದೆ. ಮನೆ ಹಿಂದೆ. ಹೂ ಬಿಟ್ಟಿದೆ. ಕಾಯಿ ಕಟ್ಟಿಲ್ಲ, ಕಟ್ಟೋದೂ ಇಲ್ಲ."

"ನನ್ನದರಲ್ಲಿ ಒಂದು ಕುಂಡ ಬಾಕಿ ಇದೆ. ಎರಡು ಮೊಗ್ಗು."

"ಹೂಂ." ಗೆಳತಿ ರಿಜಿಸ್ಟರ್ ತೆರೆದರು. "ನಾನು ಬಾ ಅಂತ ಕರೆಯಲ್ಲ. ಹೋಗು ಅಂತಾನೂ ಹೇಳಲ್ಲ. ಈಗ ಮೂರು ಗಂಟೆಯ ಲೋಡ್ ಬರುತ್ತೆ, ಕೆಲಸ ಇದೆ."

ನಾವು ಬಂದೆವು. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತರು.

ಲೇಟಮ್ಮನ ಮೊದಲ ಮೊಗ್ಗು ಬಿರಿದು, ಯಾರ ಪರಾಗವೂ ಇಲ್ಲದೆ ಬಾಡಿಹೋಯಿತು. ಎರಡನೆಯದು ಬಿರಿದ ದಿನ ಕ್ಯಾಂಪಸ್ಸುಗಳ ನಡುವೆ ಓಡಾಡುವ ಟಪಾಲು ವ್ಯಾನಿನವನು ಗಾಜಿನಮನೆಯ ಬಾಗಿಲು ತಟ್ಟಿದ. "ಸ್ಟೋರಿಂದ. ಬಿಸಿಲಿಗಿಡಬೇಡ, ಅಲ್ಲಾಡಿಸಬೇಡ ಅಂತ ಹತ್ತು ಸಲ ಹೇಳಿದಾರೆ. ಬಾಂಬ್ ಏನಮ್ಮ ಇದು?"

ಬೆಂಕಿಪೊಟ್ಟಣ. ರಬ್ಬರ್‌ಬ್ಯಾಂಡ್ ಹಾಕಿದ್ದು. ಒಳಗೆ ಹತ್ತಿಯ ಮೇಲೆ ಆರು ಒಣಗಿದ ಪರಾಗದ ಕಡ್ಡಿಗಳು, ಒಂದು ಹೂವಿನವು. ಪತ್ರ ಇಲ್ಲ. ಪೊಟ್ಟಣದ ಮೇಲೆ ಮಾತ್ರ, ಸ್ಟೋರಿನ ಬಾಲ್‌ಪೆನ್ನಿನಲ್ಲಿ, ದುಂಡು ಅಕ್ಷರ:

"ಫ್ರಿಜ್ಜಿನಲ್ಲಿ ಇಟ್ಟದ್ದು. ನಾಲ್ಕು ಡಿಗ್ರಿ. ನೋಡಿ ಬರೆದದ್ದು."

ಅಕ್ಕ ಅದನ್ನು ಓದಿದರು. ಮತ್ತೆ ಓದಿದರು. ಶೀತಕೋಣೆಗೆ ಹೋಗಿರಲಿಲ್ಲ, ಆದರೂ ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸಿಕೊಂಡರು. ಆಮೇಲೆ ಬ್ರಶ್ ತೆಗೆದುಕೊಂಡರು. ನಾನು ಕುಂಡ ಹಿಡಿದುಕೊಂಡೆ.

ಹನ್ನೆರಡನೇ ದಿನ ನಾನು ಬಾಗಿಲು ಹಾಕುವುದನ್ನೂ ಮರೆತು ಒಳಗೆ ನುಗ್ಗಿದೆ, ಯಾಕೆಂದರೆ ಗಾಜಿನ ಹೊರಗಿನಿಂದಲೇ ಕಾಣುತ್ತಿತ್ತು! ಪಕ್ಕಕ್ಕೆ ಬಾಗಿದ್ದ ತೊಟ್ಟು ಮೆಲ್ಲಗೆ ಮೇಲೆ ತಿರುಗಿತ್ತು, ತುದಿಯಲ್ಲಿ ಹಸಿರು ಕಾಯಿ, ಕಿರುಬೆರಳಿನಷ್ಟು, ನೆಟ್ಟಗೆ, ಸೊಕ್ಕಿನಿಂದ ಆಕಾಶ ನೋಡುತ್ತಿತ್ತು. ನಾನು ಕಿರುಚಿದೆ. ಅಕ್ಕ "ಬಾಗಿಲು!" ಅಂದರು. ಅಷ್ಟೇ ಅಂದರು. ಆದರೆ ರಿಜಿಸ್ಟರಿನಲ್ಲಿ ಎರಡು ಗಂಟೆಯ ನಂಬರು ಬರೆದಾದ ಮೇಲೆ, ಷರಾ ಕಾಲಮಿನಲ್ಲಿ, ಅಷ್ಟು ವರ್ಷ ಖಾಲಿ ಬಿಟ್ಟಿದ್ದ ಕಾಲಮಿನಲ್ಲಿ, "ಕಾಯಿ. ನೋಡಿದೆ" ಅಂತ ಬರೆದರು.

ಆ ತಿಂಗಳ ಕೊನೆಗೆ ರಿಟೈರ್ ಆದರು. ಚಿಕ್ಕ ಸಭೆ, ಒಂದು ಶಾಲು, ಒಂದು ಗೋಡೆ ಗಡಿಯಾರ. ಗೆಳತಿಗೂ ಆಫೀಸಿನಿಂದ ಕಾಗದ ಹೋಗಿತ್ತು. ನಾನು ಗೇಟಿನ ಕಡೆ ನೋಡುತ್ತಲೇ ಇದ್ದೆ. ಬರಲಿಲ್ಲ. ಹದಿನಾರು ಕುಂಡ ಕಾಲೇಜಿಗೆ ಬಿಟ್ಟು, ಲೇಟಮ್ಮನನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ಅಕ್ಕ ಆಟೋದಲ್ಲಿ ಮನೆಗೆ ಹೋದರು.

ಹೋದ ವಾರ ಇಸ್ತ್ರಿ ಅಂಗಡಿಯ ಮೇಲಿನ ಆ ಕೋಣೆಗೆ ಹೋಗಿದ್ದೆ. ಕುಂಡ ಕಿಟಕಿಯಲ್ಲಿತ್ತು. ಕಾಯಿ ಹಳದಿಗೆ ತಿರುಗುತ್ತಿತ್ತು. ಇನ್ನೊಂದು ತಿಂಗಳಿಗೆ ಒಣಗಿ ಬಾಯಿ ಬಿಡುತ್ತದೆ, ಒಳಗೆ ಕಾಗದದಂಥ ಬೀಜಗಳು ಒತ್ತೊತ್ತಾಗಿ ಇರುತ್ತವೆ. ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ಒಂದು ಭಾನುವಾರಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದ್ದರು.

"ಕಾಯಿ ಒಡೆಯೋ ದಿನಾನಾ ಅಕ್ಕ?"

"ಹೂಂ. ಅರ್ಧ ಬೀಜ ಅವಳದ್ದು. ಬಂದು ತಗೊಂಡು ಹೋಗು ಅಂತ ಟಪಾಲು ವ್ಯಾನಲ್ಲಿ ಚೀಟಿ ಕಳಿಸಿದೀನಿ."

"ಬರ್ತಾರಾ?"

ಅಕ್ಕ ಥರ್ಮಾಮೀಟರ್ ನೋಡಿದರು, ಆ ದಿನದ ಚೌಕದಲ್ಲಿ ಇಪ್ಪತ್ತಾರು ಅಂತ ಬರೆದರು, ಪೆನ್ಸಿಲನ್ನು ದಾರ ಸಮೇತ ಮೊಳೆಗೆ ನೇತುಹಾಕಿದರು.

"ನೋಡದೆ ಹೇಗೆ ಬರೀಲಿ?"

ಸುತ್ತು ಹಾಕಿದ ಚೌಕದೊಳಗೆ ಏನೂ ಇರಲಿಲ್ಲ.